ಸರ್ಕಾರದ ಮನಸ್ಸು ನೋಯಿಸಬೇಡಿ

ನನ್ನ ಮೇಜಿನ ಡ್ರಾಯರಿನಲ್ಲಿ ನಾಲ್ಕು ಹಿಂಬರಹಗಳಿವೆ. ಹಿಂಬರಹ ಎಂದರೇನೆಂದು ತಿಳಿಯದೆ ಇಷ್ಟು ವರ್ಷ ಬದುಕಿದ ಪುಣ್ಯವಂತರಿಗಾಗಿ ಹೇಳುತ್ತೇನೆ: ನಾವು ಕೊಟ್ಟ ಅರ್ಜಿಯ ಮೇಲೆ ಏನೂ ಮಾಡುವುದಿಲ್ಲ ಎಂಬುದನ್ನು ಸರ್ಕಾರ ಅಚ್ಚುಕಟ್ಟಾದ ಕನ್ನಡದಲ್ಲಿ, ಮೊಹರು ಒತ್ತಿ, ಸಹಿ ಹಾಕಿ ತಿಳಿಸುವ ಕಾಗದವೇ ಹಿಂಬರಹ. ‘ಸದರಿ’ ಎಂದು ಶುರುವಾಗುತ್ತದೆ, ‘ಮುಕ್ತಾಯಗೊಳಿಸಲಾಗಿದೆ’ ಎಂದು ಮುಗಿಯುತ್ತದೆ. ಯಾರು ಪರಿಶೀಲಿಸಿದರು, ಯಾರು ಮುಕ್ತಾಯಗೊಳಿಸಿದರು ಎಂದು ಹುಡುಕಿದರೆ ಕರ್ತೃ ಸಿಗುವುದಿಲ್ಲ. ಶುದ್ಧ ಕರ್ಮಣಿ ಪ್ರಯೋಗ. ಶಾಲೆಯಲ್ಲಿ ಇಂಥ ವಾಕ್ಯ ಬರೆದು ಅಂಕ ಕಳೆದುಕೊಂಡವನು ನಾನು. ಕಚೇರಿಯಲ್ಲಿ ಅದೇ ವಾಕ್ಯಕ್ಕೆ ಬಡ್ತಿ ಸಿಗುತ್ತದೆ ಎಂದು ಆಗ ಯಾರೂ ಹೇಳಲಿಲ್ಲ.

ಈ ನಾಲ್ಕನ್ನೂ ಮತ್ತೆ ಮತ್ತೆ ಓದಿದ ಮೇಲೆ ನನಗೊಂದು ಜ್ಞಾನೋದಯವಾಗಿದೆ. ‘ಇಂಥವರ ಮೇಲೆ ಮೊಕದ್ದಮೆ ಹೂಡಿ’ ಎಂದು ಸಾಮಾನ್ಯ ಪ್ರಜೆಯೊಬ್ಬ ಸರ್ಕಾರವನ್ನು ಬಲವಂತ ಮಾಡಬಹುದೇ ಎಂಬ ಪ್ರಶ್ನೆ ನನ್ನನ್ನು ಒಂದೂವರೆ ವರ್ಷ ಕಾಡಿತ್ತು. ಈಗ ಕಾಡುತ್ತಿಲ್ಲ. ಮಾಡಬಾರದು. ಸರ್ಕಾರಕ್ಕೆ ಒಂದು ಮನಸ್ಸಿದೆ. ಮಲ್ಲಿಗೆ ಮೊಗ್ಗಿನಂಥ ಮನಸ್ಸು. ತಾನಾಗಿ ಅರಳಿದರೆ ಚೆಂದ, ಬೆರಳು ಹಾಕಿ ಬಿಡಿಸಿದರೆ ಕಪ್ಪಾಗುತ್ತದೆ. ಇದು ನನ್ನ ಕಲ್ಪನೆಯಲ್ಲ, ಸುಪ್ರೀಂ ಕೋರ್ಟೇ ಹೇಳಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಚರಂಡಿ.

ನಮ್ಮ ಬೀದಿಗೆ ಚರಂಡಿ ಇಲ್ಲ. ಇಲ್ಲದ್ದಕ್ಕೆ ನಮಗೇನೂ ಬೇಸರವಿರಲಿಲ್ಲ. ಮಳೆ ಬಂದಾಗ ನೀರು ಮನೆಯೊಳಗೇ ಬಂದು ಹೋಗುತ್ತಿತ್ತು, ಅಭ್ಯಾಸವಾಗಿತ್ತು. ಎದುರು ಮನೆಯ ನಿವೃತ್ತ ಮೇಷ್ಟ್ರಿಗೆ ಮಾತ್ರ ಕೆಟ್ಟ ಕುತೂಹಲ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರು. ನಮ್ಮ ರಾಜ್ಯದಲ್ಲಿ ಆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು ಎಂಬ ನಿಯಮವಿದೆ. ಮೇಷ್ಟ್ರು ನಲವತ್ತೇ ಪದಗಳಲ್ಲಿ ಮುಗಿಸಿದರು. ಪುಟಕ್ಕೆ ಎರಡು ರೂಪಾಯಿಯಂತೆ ಕಟ್ಟಿಸಿಕೊಂಡು ಕೊಟ್ಟ ಕಾಗದಗಳಲ್ಲಿ ಅಳತೆ ಪುಸ್ತಕದ ನಕಲು, ಬಿಲ್ಲಿನ ನಕಲು, ಒಂದು ಕಲರ್ ಫೋಟೋದ ಕಪ್ಪು ಬಿಳುಪು ಜೆರಾಕ್ಸು ಇದ್ದವು. ಅವುಗಳ ಪ್ರಕಾರ ನಮ್ಮ ಬೀದಿಯಲ್ಲಿ 86 ಮೀಟರ್ ಉದ್ದದ ಕಾಂಕ್ರೀಟ್ ಚರಂಡಿ ಇದೆ. ಚಪ್ಪಡಿ ಸಮೇತ. ಹಣವೂ ಪಾವತಿಯಾಗಿದೆ. ಫೋಟೋದಲ್ಲಿ ಚರಂಡಿ ನಿಜಕ್ಕೂ ಚೆನ್ನಾಗಿತ್ತು. ಅದರ ಪಕ್ಕ ಒಂದು ಗೇಟು, ಗೇಟಿನ ಎಡಕ್ಕೆ ನುಗ್ಗೆ ಮರ. ಮೇಷ್ಟ್ರು ಪಟ್ಟು ಬಿಡದೆ ಮತ್ತೆ ಅರ್ಜಿ ಹಾಕಿ ಕಲರ್ ಪ್ರತಿ ತರಿಸಿದಾಗ ಗೇಟಿನ ಬಣ್ಣ ನೀಲಿ ಎಂದು ಗೊತ್ತಾಯಿತು. ನಮ್ಮ ಬೀದಿಯಲ್ಲಿ ನೀಲಿ ಗೇಟೂ ಇಲ್ಲ, ನುಗ್ಗೆ ಮರವೂ ಇಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನಾವಿಬ್ಬರೂ ಸುಖವಾಗಿ ಇರುತ್ತಿದ್ದೆವು. ಆದರೆ ಮೇಷ್ಟ್ರು, ‘ಇದು ಕ್ರಿಮಿನಲ್ ಕಣ್ರೀ’ ಎಂದರು. ನಾನೂ ಹೌದೆಂದೆ. ಠಾಣೆಗೆ ಹೋದೆವು.

ಠಾಣೆಯ ರೈಟರು ತಾಳ್ಮೆಯ ಮನುಷ್ಯ. ಕಾಗದಗಳನ್ನೆಲ್ಲ ತಿರುವಿ ನೋಡಿ ಕೇಳಿದರು: ‘ಯಜಮಾನ್ರೇ, ಏನು ಕಳುವಾಗಿದೆ?’

‘ಚರಂಡಿ ಸಾರ್.’

‘ಇತ್ತಾ ಮೊದಲು?’

‘ಇಲ್ಲ.’

‘ಇಲ್ದೇ ಇದ್ದದ್ದು ಹೆಂಗ್ರೀ ಕಳುವಾಗುತ್ತೆ?’

ಈ ಪ್ರಶ್ನೆಗೆ ನನ್ನಲ್ಲಿ ಇವತ್ತಿಗೂ ಉತ್ತರವಿಲ್ಲ. ತರ್ಕಶಾಸ್ತ್ರ ಓದಿದವರು ಸರ್ಕಾರಿ ಕೆಲಸಕ್ಕೆ ಬರುವುದಿಲ್ಲ ಎನ್ನುತ್ತಾರಲ್ಲ, ಶುದ್ಧ ಸುಳ್ಳು. ಟೀ ತರಿಸಿಕೊಟ್ಟು, ‘ಇದು ಇಲಾಖೆ ವಿಚಾರ, ನಮಗೆ ಬರಲ್ಲ’ ಎಂದು ಮೊದಲ ಹಿಂಬರಹ ಕೊಟ್ಟರು. ಎರಡನೆಯದು ಜಿಲ್ಲಾ ಪೊಲೀಸ್ ಕಚೇರಿಯಿಂದ ಅಂಚೆಯಲ್ಲಿ ಬಂತು: ನಮ್ಮ ಅರ್ಜಿಯನ್ನು ‘ಮುಂದಿನ ಸೂಕ್ತ ಕ್ರಮಕ್ಕಾಗಿ’ ಅದೇ ಠಾಣೆಗೆ ಕಳುಹಿಸಲಾಗಿತ್ತು. ರೈಟರು ನಮ್ಮನ್ನು ಮತ್ತೆ ಕಂಡು ಸಂತೋಷಪಟ್ಟರು.

ನಮ್ಮ ಕಾನೂನಿನ ಮೂಲ ದೋಷ ಅದರ ಅತಿ ಉದಾರತೆ. ಅಪರಾಧ ಎಂಬುದು ಇಡೀ ಸಮಾಜಕ್ಕೆ ಆದ ಕೇಡು, ಆದ್ದರಿಂದ ಬೀದಿಯಲ್ಲಿ ಹೋಗುವ ಯಾರು ಬೇಕಾದರೂ ನ್ಯಾಯಾಲಯದ ಬಾಗಿಲು ತಟ್ಟಿ ದೂರು ಕೊಡಬಹುದು ಎಂದು ಅದು ನಂಬಿಕೊಂಡಿದೆ. ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿದ್ದ ಎ.ಆರ್. ಅಂತುಲೆ ಅವರ ಮೇಲೆ ರಾಮದಾಸ್ ನಾಯಕ್ ಎಂಬ ರಾಜಕಾರಣಿ ಖಾಸಗಿ ದೂರು ಹೂಡಿದಾಗ, ಭ್ರಷ್ಟಾಚಾರದ ಮೊಕದ್ದಮೆಯನ್ನೂ ಖಾಸಗಿ ವ್ಯಕ್ತಿ ಹೂಡಬಹುದು ಎಂದು 1984ರಲ್ಲಿ ಸುಪ್ರೀಂ ಕೋರ್ಟು ಹೇಳಿಬಿಟ್ಟಿತು. ಅಧಿಕಾರದಿಂದ ಇಳಿದವರ ಮೇಲೆ ಮೊಕದ್ದಮೆಗೆ ಸರ್ಕಾರದ ಮಂಜೂರಾತಿಯೇ ಬೇಕಿಲ್ಲ ಎಂದೂ ಸೇರಿಸಿತು. 2013ರ ನವೆಂಬರಿನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ, ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಪೊಲೀಸರು ಎಫ್‌ಐಆರ್ ದಾಖಲಿಸಲೇಬೇಕು ಎಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಭ್ರಷ್ಟಾಚಾರದಂಥ ಕೆಲವು ಪ್ರಕರಣಗಳಲ್ಲಿ ಮೊದಲು ಪ್ರಾಥಮಿಕ ವಿಚಾರಣೆ ಮಾಡಬಹುದು ಎಂಬ ಸಣ್ಣ ಕಿಟಕಿ ಬಿಟ್ಟರು. ನಮ್ಮ ರೈಟರು ಆ ಕಿಟಕಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಿದ್ದಾರೆ.

ಇಂಥ ಉದಾರತೆಯಿಂದ ದೇಶ ಹಾಳಾಗಬೇಕಿತ್ತು. ಆಗಲಿಲ್ಲ. ಏಕೆಂದರೆ ಭ್ರಷ್ಟಾಚಾರ ತಡೆ ಕಾಯ್ದೆಗೆ 19ನೇ ಕಲಂ ಎಂಬುದೊಂದಿದೆ. ಸರ್ಕಾರಿ ನೌಕರನ ಮೇಲೆ ಮೊಕದ್ದಮೆ ನಡೆಯಬೇಕಾದರೆ ಅವನನ್ನು ಕೆಲಸದಿಂದ ತೆಗೆಯುವ ಅಧಿಕಾರವುಳ್ಳ ಸಕ್ಷಮ ಪ್ರಾಧಿಕಾರ ಮೊದಲು ಮಂಜೂರಾತಿ ಕೊಡಬೇಕು. ಪ್ರಾಮಾಣಿಕ ಅಧಿಕಾರಿಯನ್ನು ಕಂಡಕಂಡವರು ಕೋರ್ಟಿಗೆ ಎಳೆಯಬಾರದು ಎಂಬುದು ಉದ್ದೇಶ. ಉದ್ದೇಶ ಒಳ್ಳೆಯದೇ, ಕಿರುಕುಳದ ದೂರುಗಳು ಇರುವುದೂ ನಿಜ. ಆದರೆ ಯಾವ ಅಧಿಕಾರಿ ಪ್ರಾಮಾಣಿಕ ಎಂದು ವಿಚಾರಣೆಗೆ ಮೊದಲೇ ತಿಳಿಯುವುದು ಹೇಗೆ ಎಂದು ನನ್ನಂಥ ದಡ್ಡರು ಕೇಳುತ್ತಾರೆ. ಅದಕ್ಕೇ ಮನಸ್ಸು ಇರುವುದು.

ಈ ಮನಸ್ಸಿನ ಮಹಿಮೆ ನನಗೆ ಪೂರ್ತಿ ತಿಳಿದದ್ದು ಗುಜರಾತಿನ ಒಂದು ಪ್ರಕರಣ ಓದಿದಾಗ. ಮನ್ಸುಖಲಾಲ್ ವಿಠಲದಾಸ್ ಚೌಹಾಣ್ ವಿರುದ್ಧ ಗುಜರಾತ್ ರಾಜ್ಯ, 1997. ನೌಕರನೊಬ್ಬನ ಮೇಲೆ ಲಂಚದ ಆರೋಪ. ಮಂಜೂರಾತಿ ಬರಲಿಲ್ಲ. ದೂರುದಾರ ಹೈಕೋರ್ಟಿಗೆ ಹೋದ. ಒಂದು ತಿಂಗಳೊಳಗೆ ಮಂಜೂರಾತಿ ಕೊಡಿ ಎಂದು ಹೈಕೋರ್ಟು ಕಾರ್ಯದರ್ಶಿಗೆ ಆಜ್ಞೆ ಮಾಡಿತು. ಕಾರ್ಯದರ್ಶಿ ಕೊಟ್ಟರು. ವಿಚಾರಣೆ ನಡೆಯಿತು, ಸಾಕ್ಷಿಗಳು ಬಂದರು, ಶಿಕ್ಷೆಯೂ ಆಯಿತು. ಕೊನೆಗೆ ಸುಪ್ರೀಂ ಕೋರ್ಟು ಎಲ್ಲವನ್ನೂ ರದ್ದು ಮಾಡಿತು. ಯಾಕೆ? ಹೈಕೋರ್ಟು ಆಜ್ಞೆ ಮಾಡಿದ್ದರಿಂದ ಕಾರ್ಯದರ್ಶಿಯ ಮನಸ್ಸಿಗೆ ಬೇಡ ಎನ್ನುವ ಸ್ವಾತಂತ್ರ್ಯವೇ ಉಳಿಯಲಿಲ್ಲ. ಮನಸ್ಸಿಲ್ಲದೆ ಕೊಟ್ಟ ಮಂಜೂರಾತಿ ಮಂಜೂರಾತಿಯೇ ಅಲ್ಲ.

ಒಂದು ಕ್ಷಣ ನಿಂತು ಇದನ್ನು ಸವಿಯಿರಿ. ಒತ್ತಾಯಿಸದಿದ್ದರೆ ಸರ್ಕಾರ ಕೊಡುವುದಿಲ್ಲ. ಒತ್ತಾಯಿಸಿ ಪಡೆದರೆ ಅದು ಚಲಾವಣೆಯಾಗುವುದಿಲ್ಲ. ಬಲವಂತದ ಮಾಘಸ್ನಾನದಿಂದ ಪುಣ್ಯ ಬರುವುದಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಅವಳಿಗೆ ಆಡಳಿತ ಕಾನೂನು ಯಾರೂ ಕಲಿಸಿರಲಿಲ್ಲ. ‘ಬೇಗ ನಿರ್ಧಾರ ಮಾಡಿ’ ಎಂದು ನ್ಯಾಯಾಲಯ ಹೇಳಬಹುದು. ‘ಹೌದು ಎಂದು ನಿರ್ಧರಿಸಿ’ ಎನ್ನುವಂತಿಲ್ಲ. ಇಲ್ಲ ಎಂದರೆ ಯಾಕೆ ಇಲ್ಲ ಎಂದು ಕೇಳಿ ಮತ್ತೆ ಹೈಕೋರ್ಟಿಗೆ ಹೋಗಬಹುದು, ಅಲ್ಲಿ ಅದು ರದ್ದಾದರೆ ‘ಮರುಪರಿಶೀಲಿಸಿ’ ಎಂದು ಕಡತ ಅದೇ ಮನಸ್ಸಿನ ಬಳಿಗೆ ವಾಪಸು ಹೋಗುತ್ತದೆ. ಆರೋಪಿಯ ಪರ ವಕೀಲರ ಮೊದಲ ಆಕ್ಷೇಪಣೆಯೂ ಇದೇ: ಮಂಜೂರಾತಿ ಕೊಟ್ಟ ಅಧಿಕಾರಿ ಮನಸ್ಸಿಟ್ಟು ಕಡತ ಓದಿದರೇ, ಅಥವಾ ಕೆಳಗಿನವರು ಟೈಪು ಮಾಡಿಕೊಟ್ಟದ್ದಕ್ಕೆ ಸಹಿ ಹಾಕಿದರೇ? ಸರ್ಕಾರ ಮನಸ್ಸಿಟ್ಟು ಓದಿದೆಯೇ ಎಂದು ಇಷ್ಟು ಆಸ್ಥೆಯಿಂದ ವಿಚಾರಿಸುವ ಜಾಗ ದೇಶದಲ್ಲಿ ಬೇರೆ ಯಾವುದೂ ಇಲ್ಲ.

ಮೇಷ್ಟ್ರಿಗೆ ಇದೆಲ್ಲ ಹಿಡಿಸಲಿಲ್ಲ. ವಕೀಲರೊಬ್ಬರ ಬಳಿ ಕರೆದುಕೊಂಡು ಹೋದರು. ಕೋರ್ಟಿನ ಎದುರು ಮಹಡಿಯ ಮೇಲೆ ಅವರ ಆಫೀಸು. ಮೆಟ್ಟಿಲಿನ ಮೇಲೆಲ್ಲ ಬೆರಳಚ್ಚು ಮಾಡುವವರು, ನೋಟರಿಗಳು. ಖಾಸಗಿ ದೂರು, ಅಂದರೆ ಪಿಸಿಆರ್, ಹಾಕೋಣ ಎಂದೆವು. ವಕೀಲರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು. ವಕೀಲರು ಕನ್ನಡಕ ತೆಗೆದರೆ ಶುಭಸೂಚನೆಯಲ್ಲ.

ಅವರು ವಿವರಿಸಿದ್ದನ್ನು ಇಲ್ಲಿ ಆದಷ್ಟು ಸರಳವಾಗಿ ಹೇಳುತ್ತೇನೆ. ಕರ್ನಾಟಕದಿಂದಲೇ ಹೋದ ಅನಿಲ್ ಕುಮಾರ್ ವಿರುದ್ಧ ಎಂ.ಕೆ. ಅಯ್ಯಪ್ಪ ಎಂಬ ಪ್ರಕರಣದಲ್ಲಿ 2013ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು: ಮಂಜೂರಾತಿ ಇಲ್ಲದೆ ಖಾಸಗಿ ದೂರನ್ನು ವಿಶೇಷ ನ್ಯಾಯಾಲಯ ಪೊಲೀಸ್ ತನಿಖೆಗೆ ಕಳುಹಿಸುವಂತಿಲ್ಲ. ಸರಿ, ಮಂಜೂರಾತಿ ಕೇಳೋಣ. ಕೇಳಲು ಹೋದರೆ ಸಾಕ್ಷ್ಯ ಎಲ್ಲಿ ಎನ್ನುತ್ತಾರೆ. ಸಾಕ್ಷ್ಯ ಬೇಕಾದರೆ ತನಿಖೆಯಾಗಬೇಕು. ತನಿಖೆಯಾಗಬೇಕಾದರೆ ಮಂಜೂರಾತಿ ಬೇಕು. ಇಷ್ಟು ಸಾಲದೆಂದು 2018ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಇನ್ನೊಂದು ಸುತ್ತು ಸೇರಿಸಿದರು: ಪೊಲೀಸರಲ್ಲದ ವ್ಯಕ್ತಿ ಮಂಜೂರಾತಿ ಕೇಳಬೇಕಾದರೆ, ಮೊದಲು ಅವನು ನ್ಯಾಯಾಲಯದಲ್ಲಿ ದೂರು ಹೂಡಿರಬೇಕು, ನ್ಯಾಯಾಲಯ ಅದನ್ನು ವಜಾ ಮಾಡದೆ ‘ಮಂಜೂರಾತಿ ತೆಗೆದುಕೊಂಡು ಬಾ’ ಎಂದು ಹೇಳಿರಬೇಕು. ಅಷ್ಟಾದ ಮೇಲೂ ಆರೋಪಿ ಅಧಿಕಾರಿಯ ಅಹವಾಲು ಕೇಳದೆ ಸರ್ಕಾರ ಮಂಜೂರು ಮಾಡುವಂತಿಲ್ಲ. ಪೊಲೀಸರು ಕೇಳಿದರೆ ಈ ಉಪಚಾರ ಇಲ್ಲ, ಪ್ರಜೆ ಕೇಳಿದರೆ ಉಂಟು. ಅಧಿಕಾರದಿಂದ ಇಳಿದವರಿಗೆ ರಕ್ಷಣೆ ಇಲ್ಲ ಎಂಬ 1984ರ ಮಾತನ್ನೂ ಅದೇ ತಿದ್ದುಪಡಿಯಲ್ಲಿ ಸರಿಪಡಿಸಿ, ನಿವೃತ್ತರನ್ನೂ ಕೊಡೆಯ ಕೆಳಗೆ ಕರೆದುಕೊಂಡರು.

ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಈ ಗಾದೆ ಕಟ್ಟಿದವನು ಯಾವ ಊರಿನವನೋ, ಸಂಸತ್ತಿನ ಕರಡು ಸಮಿತಿಗೆ ಅವನನ್ನು ಮೊದಲೇ ಕರೆಯಬೇಕಿತ್ತು. ನಾನಂತೂ ಈ ಏರ್ಪಾಡಿನ ಭಕ್ತನಾಗಿಬಿಟ್ಟಿದ್ದೇನೆ. ಗಾಣಕ್ಕೆ ಕಟ್ಟಿದ ಎತ್ತು ದಿನವಿಡೀ ನಡೆಯುತ್ತದೆ, ಎಲ್ಲಿಗೂ ಹೋಗುವುದಿಲ್ಲ, ಆದರೂ ಎಣ್ಣೆ ಬರುತ್ತದೆ. ಇಲ್ಲಿ ಎಣ್ಣೆಯೂ ಇಲ್ಲ. ನಡಿಗೆಯೇ ಪರಮಾರ್ಥ. ಮೇಷ್ಟ್ರಿಗೆ ಡಾಕ್ಟರು ದಿನಕ್ಕೆ ಮೂರು ಕಿಲೋಮೀಟರು ನಡೆಯಿರಿ ಎಂದಿದ್ದರು, ಸಕ್ಕರೆ ಈಗ ಹತೋಟಿಯಲ್ಲಿದೆ. ನಾವೂ ಸಚಿವಾಲಯಕ್ಕೆ ಮಂಜೂರಾತಿ ಕೋರಿ ಬರೆದೆವು. ನ್ಯಾಯಾಲಯದ ನಿರ್ದೇಶನ ಲಗತ್ತಿಸದ ಕಾರಣ ಪರಿಗಣಿಸಲು ಅವಕಾಶವಿಲ್ಲ ಎಂದು ಉತ್ತರ ಬಂತು. ಇದು ಮೂರನೆಯದು. ಕಾಗದ ಬಹಳ ಒಳ್ಳೆಯದು, ದಪ್ಪ.

ವಕೀಲರು ಇನ್ನೊಂದು ದಾರಿ ಸೂಚಿಸಿದರು: ಲೋಕಾಯುಕ್ತ. ನಮೂನೆ 1, ನಮೂನೆ 2, ನೋಟರಿ ಮುಂದೆ ಪ್ರಮಾಣಪತ್ರ. ಮೇಷ್ಟ್ರ ಮುಖ ಅರಳಿತು. ಲಂಚ ಹಿಡಿಯುವುದನ್ನು ಅವರು ಟಿವಿಯಲ್ಲಿ ನೋಡಿದ್ದಾರೆ. ನೋಟಿಗೆ ಫಿನಾಲ್ಫ್ಥಲೀನ್ ಪುಡಿ ಸವರಿರುತ್ತಾರೆ. ಹಣ ತೆಗೆದುಕೊಂಡ ಕೈಯನ್ನು ಸೋಡಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ನೀರನ್ನು ಸೀಸೆಗೆ ತುಂಬಿ ಅರಗು ಹಾಕಿ ಮುದ್ರೆ ಒತ್ತುತ್ತಾರೆ. ಸಾವಿರ ರೂಪಾಯಿ ತೆಗೆದುಕೊಂಡ ಗ್ರಾಮ ಲೆಕ್ಕಿಗನನ್ನು ಹೀಗೆ ಸ್ಥಳದಲ್ಲೇ ಹಿಡಿಯಲು ಯಾರ ಅನುಮೋದನೆಯೂ ಬೇಡ. ಆದರೆ ಅದೇ 2018ರಲ್ಲಿ ಸೇರಿಸಿದ 17ಎ ಕಲಂ ಪ್ರಕಾರ, ಅಧಿಕಾರಿ ತನ್ನ ಹುದ್ದೆಯ ಕೆಲಸವಾಗಿ ತೆಗೆದುಕೊಂಡ ತೀರ್ಮಾನ ಅಥವಾ ಮಾಡಿದ ಶಿಫಾರಸಿಗೆ ಸಂಬಂಧಿಸಿದ ಆರೋಪವಾದರೆ, ಪೊಲೀಸರು ವಿಚಾರಣೆಯನ್ನು ಶುರು ಮಾಡುವುದಕ್ಕೂ ಮೊದಲೇ ಸರ್ಕಾರದ ಪೂರ್ವಾನುಮೋದನೆ ಬೇಕು.

ನ್ಯಾಯ ಎಷ್ಟು ಸೂಕ್ಷ್ಮ ನೋಡಿ. ಕೈಯಿಂದ ತೆಗೆದುಕೊಂಡವನ ಕೈ ಗುಲಾಬಿಯಾಗುತ್ತದೆ. ಕಡತದ ಮೂಲಕ ನೂರು ಎಕರೆ ದಾಟಿಸಿದವನ ಕೈ ಯಾವ ನೀರಿನಲ್ಲಿ ಅದ್ದಿದರೂ ಸ್ವಚ್ಛ, ಅವನದು ತೀರ್ಮಾನ. ನಮ್ಮ ಚರಂಡಿಯೂ ಒಂದು ತೀರ್ಮಾನ. ಅದು ಇದೆ ಎಂದು ಎಂಜಿನಿಯರೊಬ್ಬರು ಹುದ್ದೆಯ ಕೆಲಸವಾಗಿ ತೀರ್ಮಾನಿಸಿದ್ದಾರೆ. ನಾವು ಕಣ್ಣಿನಿಂದ ನೋಡುತ್ತಿದ್ದೆವು, ಅದು ನಮ್ಮ ತಪ್ಪು.

17ಎಗೆ ಒಂದು ಸುದೀರ್ಘ ತಪಸ್ಸಿನ ಹಿನ್ನೆಲೆಯಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಜಂಟಿ ಕಾರ್ಯದರ್ಶಿ ಮತ್ತು ಅದಕ್ಕಿಂತ ಮೇಲಿನವರನ್ನು ಸಿಬಿಐ ಮುಟ್ಟಬೇಕಾದರೆ ಮೊದಲು ಸರ್ಕಾರವನ್ನು ಕೇಳಬೇಕು ಎಂಬ ಆದೇಶವೊಂದಿತ್ತು. ಹವಾಲಾ ಹಗರಣದ ವಿನೀತ್ ನಾರಾಯಣ್ ಪ್ರಕರಣದಲ್ಲಿ, 1997ರ ಡಿಸೆಂಬರಿನಲ್ಲಿ, ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. 2003ರಲ್ಲಿ ಸರ್ಕಾರ ಅದನ್ನೇ ಕಾನೂನಿನೊಳಗೆ ಸೇರಿಸಿತು. 2014ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಅದನ್ನೂ ರದ್ದು ಮಾಡಿತು. ಭ್ರಷ್ಟಾಚಾರದಲ್ಲಿ ದೊಡ್ಡವರು ಚಿಕ್ಕವರು ಎಂಬ ಭೇದ ಸಲ್ಲದು ಎಂದಿತು. ಸರ್ಕಾರ ಈ ಮಾತನ್ನು ಮನಸ್ಸಿಗೆ ತೆಗೆದುಕೊಂಡಿತು. 2018ರಲ್ಲಿ ಭೇದವನ್ನೇ ತೆಗೆದು, ಎಲ್ಲರಿಗೂ ರಕ್ಷಣೆ ಕೊಟ್ಟಿತು. ಸಮಾನತೆ ಎಂದರೆ ಇದು. ನಡುವೆ ಆಳುವ ಪಕ್ಷಗಳು ಬದಲಾದವು, ಈ ಒಂದು ವಿಷಯದಲ್ಲಿ ಅವುಗಳ ನಡುವೆ ಎಂದೂ ವೈಮನಸ್ಯ ಬರಲಿಲ್ಲ.

ಅವಸರ ಮಾಡುವವರು ಕಾಲಮಿತಿ ಕೇಳುತ್ತಾರೆ. ದೂರಸಂಪರ್ಕ ಸಚಿವರ ಮೇಲೆ ಮೊಕದ್ದಮೆಗೆ ಮಂಜೂರಾತಿ ಕೊಡಿ ಎಂದು ಸುಬ್ರಮಣಿಯನ್ ಸ್ವಾಮಿ 2008ರ ನವೆಂಬರಿನಲ್ಲಿ ಪ್ರಧಾನಿಗೆ ಪತ್ರ ಬರೆದರು. ಉತ್ತರ ಬಂದದ್ದು 2010ರ ಮಾರ್ಚಿನಲ್ಲಿ. ಕೇವಲ 16 ತಿಂಗಳು. ಒಂದು ಮಗು ಹುಟ್ಟಿ, ತೆವಳಿ, ಎದ್ದು ನಿಲ್ಲುವಷ್ಟು ಕಾಲ. ಒಂದು ಯೋಚನೆಗೆ ಅಷ್ಟೂ ಬೇಡವೇ? 2012ರ ಜನವರಿ 31ರಂದು ಸುಪ್ರೀಂ ಕೋರ್ಟು, ಪ್ರಜೆಗೂ ಮಂಜೂರಾತಿ ಕೇಳುವ ಹಕ್ಕಿದೆ, ಮೂರು ತಿಂಗಳಲ್ಲಿ, ಬೇಕಾದರೆ ಇನ್ನೊಂದು ತಿಂಗಳಲ್ಲಿ, ತೀರ್ಮಾನ ಮಾಡಿ ಎಂದಿತು. 2018ರ ತಿದ್ದುಪಡಿಯೂ ಅದೇ ಅವಧಿಯನ್ನು ಬರೆದುಕೊಂಡಿತು. 2022ರ ಅಕ್ಟೋಬರಿನಲ್ಲಿ ವಿಜಯ್ ರಾಜಮೋಹನ್ ಪ್ರಕರಣದಲ್ಲಿ ಈ ಅವಧಿ ಕಡ್ಡಾಯ ಎಂದೂ ಹೇಳಿದರು. ಕಡ್ಡಾಯವಾದ ಅವಧಿ ಮೀರಿದರೆ ಮಂಜೂರಾತಿ ಸಿಕ್ಕಿದಂತೆ ಎಂದರ್ಥವೇ? ಅಲ್ಲ. ತಡ ಮಾಡಿದವರು ಉತ್ತರ ಹೇಳಬೇಕು, ಅಷ್ಟೇ. ಉತ್ತರ ಹೇಳುವುದರಲ್ಲಿ ನಮ್ಮ ಕಚೇರಿಗಳು ಎಂದಾದರೂ ಹಿಂದೆ ಬಿದ್ದಿವೆಯೇ? ‘ಕಡತ ಪರಿಶೀಲನೆಯಲ್ಲಿದೆ.’

ಒಂದು ಆತಂಕದ ಸುದ್ದಿಯನ್ನೂ ಓದುಗರ ಗಮನಕ್ಕೆ ತರಬೇಕು. 2024ರ ಜುಲೈ 1ರಿಂದ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಂನಲ್ಲಿ, 120 ದಿನಗಳಲ್ಲಿ ಸರ್ಕಾರ ತೀರ್ಮಾನಿಸದಿದ್ದರೆ ಮಂಜೂರಾತಿ ಕೊಟ್ಟಂತೆಯೇ ಎಂದು ಬರೆದುಬಿಟ್ಟಿದ್ದಾರೆ. ಯಾರ ಕಣ್ತಪ್ಪೋ. ಸದ್ಯ, ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಕಲಂಗೆ ಈ ಸೋಂಕು ತಗುಲಿಲ್ಲ.

ಹಾಗೆಂದು ಸರ್ಕಾರದ ಮನಸ್ಸು ಯಾವಾಗಲೂ ನಿಧಾನ ಎಂದು ಭಾವಿಸಬೇಡಿ. ನಮ್ಮ ರಾಜ್ಯದ ಚರಿತ್ರೆಯಲ್ಲಿ ಅದು ಕುದುರೆಯಂತೆ ಓಡಿದ ಸಂದರ್ಭಗಳೂ ಇವೆ. 2011ರ ಜನವರಿಯಲ್ಲಿ ಇಬ್ಬರು ವಕೀಲರ ಅರ್ಜಿಯ ಮೇಲೆ ರಾಜ್ಯಪಾಲ ಹಂಸರಾಜ್ ಭಾರದ್ವಾಜ್ ಅವರು ಮುಖ್ಯಮಂತ್ರಿ ಯಡಿಯೂರಪ್ಪನವರ ಮೇಲೆ ಮೊಕದ್ದಮೆಗೆ ಅನುಮತಿ ಕೊಟ್ಟರು. ಮರುದಿನವೇ ಆಳುವ ಪಕ್ಷವೇ ಬಂದ್‌ಗೆ ಕರೆ ಕೊಟ್ಟಿತು. 2024ರಲ್ಲಿ ಮೈಸೂರಿನ ಮುಡಾ ನಿವೇಶನಗಳ ವಿಷಯದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮೇಲೆ ಅರ್ಜಿ ಬಂದ ಜುಲೈ 26ರಂದೇ ರಾಜ್ಯಪಾಲ ಥಾವರಚಂದ್ ಗೆಹ್ಲೋಟ್ ನೋಟಿಸ್ ಕೊಟ್ಟರು, ಮೂರೇ ವಾರದಲ್ಲಿ ಅನುಮತಿಯನ್ನೂ ಕೊಟ್ಟರು. ಸೆಪ್ಟೆಂಬರಿನಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಬೇರೆ ಕೆಲವರ ಮೇಲಿನ ಕೋರಿಕೆಗಳು ಅದೇ ರಾಜಭವನದಲ್ಲಿ ಬಹಳ ದಿನದಿಂದ ಕೂತಿವೆಯಲ್ಲ ಎಂದು ಸಚಿವ ಸಂಪುಟ ದೂರಿತು. ಎರಡು ಸಲವೂ ರಾಜಭವನಕ್ಕೆ ರಾಜ್ಯಪಾಲರನ್ನು ಕಳುಹಿಸಿದ್ದು ಒಂದು ಪಕ್ಷದ ಸರ್ಕಾರ, ವಿಧಾನಸೌಧದಲ್ಲಿ ಕೂತಿದ್ದು ಇನ್ನೊಂದರದು. ಕಾಕತಾಳೀಯ. ಎರಡು ಸಲವೂ ಪಕ್ಷಗಳು ಭಾಷಣದ ಪ್ರತಿಯನ್ನು ಅದಲುಬದಲು ಮಾಡಿಕೊಂಡವು, ಮುದ್ರಣದ ಖರ್ಚು ಉಳಿಯಿತು. ನನಗೆ ಇದರಿಂದ ತಿಳಿದದ್ದು ಇಷ್ಟು: ನಮ್ಮ ಎಂಜಿನಿಯರರು ದುಡುಕಿ ಮುಖ್ಯಮಂತ್ರಿಯಾಗದಿರುವುದೇ ನಮ್ಮ ಅರ್ಜಿಯ ದೌರ್ಬಲ್ಯ.

ಭ್ರಷ್ಟರನ್ನು ಹಿಡಿಯುವ ಭಾರವನ್ನು ಲೋಕಾಯುಕ್ತದ ಹೆಗಲಿನಿಂದ ಇಳಿಸಿದ ಕಾಲವೂ ಒಂದಿತ್ತು. ಬಳ್ಳಾರಿ ಗಣಿಯ ಬಗ್ಗೆ 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಕೊಟ್ಟ ವರದಿಯ ನಂತರ ಆ ಸಂಸ್ಥೆ ಬಹಳ ದಣಿದಿದೆ ಎಂದು ಯಾರಿಗೋ ಅನ್ನಿಸಿರಬೇಕು. 2016ರ ಮಾರ್ಚಿನಲ್ಲಿ ಭ್ರಷ್ಟಾಚಾರ ನಿಗ್ರಹ ದಳ, ಅಂದರೆ ಎಸಿಬಿ, ಹುಟ್ಟಿತು. ಮುಖ್ಯಮಂತ್ರಿಯ ಕೈಕೆಳಗೇ ಇಟ್ಟುಕೊಂಡರು, ದೂರ ಇಟ್ಟರೆ ಮಗು ಹೆದರೀತು ಎಂದು. 2022ರ ಆಗಸ್ಟಿನಲ್ಲಿ ಹೈಕೋರ್ಟು ಅದನ್ನು ರದ್ದುಪಡಿಸಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು.

ಮೊಕದ್ದಮೆ ಹೂಡುವ ವಿಷಯ ಹಾಗಿರಲಿ, ಹೂಡಿದ್ದನ್ನು ವಾಪಸು ತೆಗೆದುಕೊಳ್ಳುವುದರಲ್ಲಿ ಈ ಮನಸ್ಸು ಇನ್ನೂ ಮೃದು. 2024ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯ ಸರ್ಕಾರ 43 ಕ್ರಿಮಿನಲ್ ಪ್ರಕರಣಗಳನ್ನು ಒಂದೇ ಆದೇಶದಲ್ಲಿ ಹಿಂಪಡೆಯಲು ಹೊರಟಿತು. ಇದಕ್ಕೆ ಯಾರ ಅರ್ಜಿಗೂ ಹಿಂಬರಹ ಹೋಗಲಿಲ್ಲ, ಯಾವ ನಮೂನೆಯ ಕೊರತೆಯೂ ಕಾಣಲಿಲ್ಲ. ವಕೀಲರೊಬ್ಬರು ಅದನ್ನೂ ಹೈಕೋರ್ಟಿಗೆ ಎಳೆದರು. 2025ರ ಮೇ ತಿಂಗಳಲ್ಲಿ ಆದೇಶ ರದ್ದಾಯಿತು. ಹಿಂದಿನ ಸರ್ಕಾರಗಳೂ ಇಂಥ ಕರುಣೆ ತೋರಿವೆ, ಇದರಲ್ಲಿ ಯಾರೂ ಯಾರಿಗೂ ಕಡಿಮೆಯಿಲ್ಲ. ಸರ್ಕಾರ ಹೂಡದೆ ಇರುವುದನ್ನು ಪ್ರಜೆ ತಪ್ಪಿಸಲಾರ, ಹಿಂಪಡೆಯುವುದನ್ನು ಮಾತ್ರ ಅಪರೂಪಕ್ಕೆ ತಡೆಯಬಲ್ಲ. ಅಷ್ಟು ತುಂಟತನಕ್ಕೆ ಜಾಗ ಬಿಟ್ಟಿದ್ದಾರೆ.

ವಿಧಾನಸೌಧದ ಮುಂಭಾಗದಲ್ಲಿ ಕೆತ್ತಿದ್ದಾರಲ್ಲ, ಸರ್ಕಾರದ ಕೆಲಸ ದೇವರ ಕೆಲಸ ಎಂದು. ನಾನು ಅದನ್ನು ಬಹಳ ವರ್ಷ ತಪ್ಪಾಗಿ ಓದಿಕೊಂಡಿದ್ದೆ. ದೇವರನ್ನು ಬೇಡಿಕೊಳ್ಳಬಹುದು, ಹರಕೆ ಹೊರಬಹುದು, ಮುಡಿ ಕೊಡಬಹುದು. ನೋಟಿಸ್ ಕೊಡುವುದುಂಟೇ?

ನಾಲ್ಕನೆಯ ಹಿಂಬರಹ ಹೋದ ವಾರ ಬಂತು. ನಮ್ಮ ದೂರು ಒಂದೂವರೆ ವರ್ಷದಲ್ಲಿ ಒಂಬತ್ತು ಟೇಬಲ್ ದಾಟಿ, ‘ಸ್ಥಳ ಪರಿಶೀಲಿಸಿ ವರದಿ ಸಲ್ಲಿಸಲು’ ಎಂಬ ಟಿಪ್ಪಣಿಯೊಂದಿಗೆ, ಯಾರ ಮೇಲೆ ದೂರಿದ್ದೆವೋ ಆ ಎಂಜಿನಿಯರರ ಬಳಿಗೇ ಹೋಗಿ ತಲುಪಿತ್ತು. ಅವರು ಪರಿಶೀಲಿಸಿದ್ದಾರೆ. ಸದರಿ ಬೀದಿಯಲ್ಲಿ ಚರಂಡಿಯು ಸುಸ್ಥಿತಿಯಲ್ಲಿರುವುದು ಕಂಡುಬಂದಿರುತ್ತದೆ. ಫೋಟೋ ಲಗತ್ತಿಸಿದೆ. ಹೊಸ ಫೋಟೋ. ನುಗ್ಗೆ ಮರ ಈಗ ಸ್ವಲ್ಪ ಬೆಳೆದಿದೆ, ಕಾಯಿ ಬಿಟ್ಟಿದೆ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಬೀದಿಯಲ್ಲಿ ನೀಲಿ ಗೇಟಿನ ಮನೆ, ಅದರ ಎಡಕ್ಕೆ ನುಗ್ಗೆ ಮರ, ಮುಂದೆ ಚಪ್ಪಡಿ ಹಾಕಿದ ಚರಂಡಿ ಇದ್ದರೆ ದಯವಿಟ್ಟು ಒಂದು ಕಾರ್ಡು ಬರೆಯಿರಿ. ದೂರು ಕೊಡುವುದಿಲ್ಲ. ಮೇಷ್ಟ್ರಿಗೆ ಒಮ್ಮೆ ನೋಡಬೇಕಂತೆ.